ಎಂಟು ಬೆರಳಿಗೆ ಯಾವ ಪೆಟ್ಟಿಗೆ?

ಮುಚ್ಚಳದಕ್ಕನಿಗೆ ಕಾರ್ಖಾನೆಯಿಂದ ಇನ್ನೂ ಎಂಬತ್ತಾರು ಸಾವಿರ ಬರಬೇಕು. ಎರಡು ಬೆರಳಿನ ಪರಿಹಾರದ ಎರಡನೇ ಕಂತು ಅದು. ಮೊದಲನೇ ಕಂತು ಬಂದು ಹನ್ನೊಂದು ತಿಂಗಳಾಯಿತು. ಎರಡನೆಯದಕ್ಕೆ ಮಾಲೀಕರು ಒಂದೊಂದು ಸಲ ಒಂದೊಂದು ನೆಪ ಹೇಳುತ್ತಾ ಬಂದಿದ್ದಾರೆ. ಅದರ ಜಗಳ ನಡೆದೇ ಇದೆ, ಮುಂದೆಯೂ ನಡೆಯುತ್ತದೆ. ಈ ಬರಹ ಅದರದ್ದಲ್ಲ. ಕೈಗೆ ಬಂದ ಮೊದಲ ಕಂತಿನಲ್ಲಿ ಅವಳು ಏನು ಕೊಂಡಳು, ಅದನ್ನು ಕೊಳ್ಳಲು ಎಷ್ಟು ಒದ್ದಾಡಿದಳು, ಕೊಂಡ ಮೇಲೂ ಯಾಕೆ ಹಲ್ಲು ಕಡಿಯುತ್ತಿದ್ದಾಳೆ ಎಂಬುದರದ್ದು.

ಮುಚ್ಚಳದಕ್ಕ ಎಂದರೆ ತಗಡಿನ ಡಬ್ಬಿಗಳಿಗೆ ಮುಚ್ಚಳ ಒತ್ತುವ ಪ್ರೆಸ್ಸಿನವಳು. ಹದಿನೇಳು ವರ್ಷ ಒಂದೇ ಮಿಷಿನ್ನಿನ ಮುಂದೆ ನಿಂತವಳು. ಪ್ರೆಸ್ಸಿಗೆ ಎರಡು ಬಟನ್ ಇರುತ್ತವೆ, ಎಡಕ್ಕೊಂದು, ಬಲಕ್ಕೊಂದು. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಅಚ್ಚು ಕೆಳಗೆ ಬೀಳುತ್ತದೆ. ಎರಡು ಕೈಯೂ ಬಟನ್ನಿನ ಮೇಲಿದ್ದರೆ ಅಚ್ಚಿನ ಕೆಳಗೆ ಕೈ ಇರಲು ಸಾಧ್ಯವಿಲ್ಲ ಎಂಬ ಲೆಕ್ಕ. ಆದರೆ ಪಾಳಿಗೆ ಮೂರು ಸಾವಿರದ ಆರುನೂರು ಮುಚ್ಚಳ ಬೇಕು ಎಂದು ಮೇಲಿನಿಂದ ಆಜ್ಞೆ ಬಂದಾಗ ಆ ಲೆಕ್ಕ ನಡೆಯುವುದಿಲ್ಲ. ಆಗ ಪ್ರೆಸ್ಸಿನವರೆಲ್ಲ ಒಂದು ಕೆಲಸ ಮಾಡುತ್ತಾರೆ. ಸೈಕಲ್ ಟ್ಯೂಬಿನ ಚೂರಿನಿಂದ ಎಡಗಡೆಯ ಬಟನ್ನನ್ನು ಸದಾ ಒತ್ತಿಯೇ ಇರುವಂತೆ ಬಿಗಿದು ಕಟ್ಟಿಬಿಡುತ್ತಾರೆ. ಎಡಗೈ ತಗಡು ಇಡುತ್ತಾ ಹೋಗುತ್ತದೆ, ಬಲಗೈ ಒತ್ತುತ್ತಾ ಹೋಗುತ್ತದೆ. ಟ್ಯೂಬನ್ನು ಅಳತೆಗೆ ಕತ್ತರಿಸಿ ಮೇಸ್ತ್ರಿಯೇ ತನ್ನ ಡ್ರಾಯರಿನಲ್ಲಿ ಇಟ್ಟುಕೊಂಡಿರುತ್ತಿದ್ದ. ಬೇಕಾದವರು ಹೋಗಿ ತೆಗೆದುಕೊಳ್ಳುತ್ತಿದ್ದರು. ಒಂದು ಮಧ್ಯಾಹ್ನ ಊಟದ ಗಂಟೆಗೆ ಹತ್ತು ನಿಮಿಷ ಇರುವಾಗ ಅವಳ ಎಡಗೈಯ ತೋರುಬೆರಳೂ ನಡುಬೆರಳೂ ಅಚ್ಚಿನ ಕೆಳಗೆ ಉಳಿದುಹೋದವು. ವಿಚಾರಣೆಯಲ್ಲಿ ‘ಕೆಲಸಗಾರ್ತಿಯ ಅಜಾಗರೂಕತೆ’ ಎಂದು ಬರೆದರು. ಡ್ರಾಯರಿನ ಬಗ್ಗೆ ಯಾರೂ ಬರೆಯಲಿಲ್ಲ. ನಾವು ಕಾರ್ಮಿಕ ಸಂಘದವರು ಗೇಟಿನ ಮುಂದೆ ಇಪ್ಪತ್ತಮೂರು ದಿನ ಕೂತ ಮೇಲೆ ಬರೆದರು.

ಅವಳಿಗೆ ಆಟದ ಹುಚ್ಚು. ವಿಡಿಯೋ ಗೇಮ್. ನಲವತ್ತಾರು ವರ್ಷದ ಹೆಂಗಸಿಗೆ ಇದೆಂಥ ಹುಚ್ಚು ಎಂದು ಹುಬ್ಬೇರಿಸುವವರು ಹುಬ್ಬೇರಿಸಿಕೊಂಡೇ ಇರಲಿ. ಎಂಟು ವರ್ಷದ ಹಿಂದೆ ಮೇಲಿನ ಮಹಡಿಯ ಬಾಡಿಗೆಯವರು ಮನೆ ಖಾಲಿ ಮಾಡುವಾಗ ಟಿವಿಗೆ ಚುಚ್ಚಿ ಆಡುವ ಒಂದು ಹಳೆಯ ಕನ್ಸೋಲ್, ಎರಡು ಕಂಟ್ರೋಲರ್, ಒಂದು ಫುಟ್‌ಬಾಲ್ ಆಟದ ಡಿಸ್ಕ್ ಅಗ್ಗಕ್ಕೆ ಕೊಟ್ಟು ಹೋದರು. ಅವಳ ಗಂಡ ಹೊಲಿಗೆ ಮಿಷಿನ್ ರಿಪೇರಿಯವನು. ನಾವೆಲ್ಲ ಭಾವ ಎನ್ನುತ್ತೇವೆ. ಭಾವ ಹೆಚ್ಚು ಮಾತಿನ ಮನುಷ್ಯನಲ್ಲ. ವಾರವಿಡೀ ಒಬ್ಬರ ಕೆಲಸ ಮುಗಿಯುವಾಗ ಇನ್ನೊಬ್ಬರು ಮಲಗಿರುತ್ತಿದ್ದರು. ಭಾನುವಾರ ಮೂರು ಗಂಟೆಗೆ ಮಾತ್ರ ಇಬ್ಬರೂ ಮಂಚದ ಅಂಚಿಗೆ ಕೂತು ಫುಟ್‌ಬಾಲ್ ಆಡುತ್ತಿದ್ದರು. ಗಂಡ ಹೆಂಡತಿ ಆಡಬೇಕಾದ ಮಾತು, ಬೈಗುಳ, ತಮಾಷೆ ಎಲ್ಲ ಆ ಎರಡು ಗಂಟೆಯಲ್ಲಿ ಮುಗಿಯುತ್ತಿತ್ತು. ಹತ್ತರಲ್ಲಿ ಏಳು ಪಂದ್ಯ ಅವಳದೇ. ಸೋತ ದಿನ ಭಾವ ಪಾತ್ರೆ ತೊಳೆಯಬೇಕು. ಹಾಗಾಗಿ ಆ ಮನೆಯಲ್ಲಿ ಪಾತ್ರೆ ತೊಳೆಯುವುದು ಹೆಚ್ಚುಕಡಿಮೆ ಗಂಡಸಿನ ಕೆಲಸವೇ ಆಗಿಹೋಗಿತ್ತು. ಹಿಂದೆ ಕುರ್ಚಿಯಲ್ಲಿ ಅತ್ತೆ, ಅಂದರೆ ಭಾವನ ತಾಯಿ. ಆಟದ ನಿಯಮ ಒಂದೂ ಗೊತ್ತಿಲ್ಲದಿದ್ದರೂ ಇಬ್ಬರಿಗೂ ಬಯ್ಯುವ ಹಕ್ಕು ಅವರದು.

ಬೆರಳು ಹೋದ ಮೂರನೇ ತಿಂಗಳು ಬ್ಯಾಂಡೇಜು ಬಿಚ್ಚಿದರು. ಮರುದಿನ ಭಾನುವಾರ. ಅವಳು ಕಂಟ್ರೋಲರ್ ಹಿಡಿದು ಕೂತಳು.

ಕಂಟ್ರೋಲರ್ ಹಿಡಿಯದವರಿಗೆ ಹೇಳಬೇಕು. ಹೆಬ್ಬೆರಳುಗಳು ಮೇಲಿನ ಎರಡು ಕಡ್ಡಿ ತಿರುಗಿಸುತ್ತವೆ. ತೋರುಬೆರಳುಗಳು ಮುಂದಿನ ಅಂಚಿನ ಬಟನ್‌ಗಳ ಮೇಲೆ ಕೂತಿರುತ್ತವೆ, ಎಡಕ್ಕೆ ಎರಡು, ಬಲಕ್ಕೆ ಎರಡು. ಉಳಿದ ಬೆರಳುಗಳು ಅದನ್ನು ಹಿಡಿದಿರುತ್ತವೆ. ಎದುರಾಳಿ ಚೆಂಡು ತಂದಾಗ ಎಡ ಅಂಚಿನ ಬಟನ್ ಒತ್ತಿದರೆ ನಮ್ಮ ಆಜ್ಞೆ ಒಬ್ಬ ಆಟಗಾರನಿಂದ ಇನ್ನೊಬ್ಬನಿಗೆ ಹೋಗುತ್ತದೆ. ಒತ್ತಲಾಗದಿದ್ದರೆ ನಿಮ್ಮವನೊಬ್ಬ ಎಲ್ಲೋ ದೂರದಲ್ಲಿ ಓಡುತ್ತಿರುತ್ತಾನೆ, ಚೆಂಡಿನ ಹತ್ತಿರ ಇರುವವನು ಕಂಬದ ಹಾಗೆ ನಿಂತಿರುತ್ತಾನೆ. ಮುಚ್ಚಳದಕ್ಕ ಉಂಗುರದ ಬೆರಳನ್ನು ಮೇಲಕ್ಕೆ ಬಗ್ಗಿಸಿ ನೋಡಿದಳು. ಕಂಟ್ರೋಲರ್ ಜಾರಿ ತೊಡೆಯ ಮೇಲೆ ಬಿತ್ತು. ಮತ್ತೆ ಹಿಡಿದಳು. ಮತ್ತೆ ಜಾರಿತು.

ಆದರೂ ಆ ದಿನ ಅವಳು ಮೂರು ಎರಡರಿಂದ ಗೆದ್ದಳು. ಗೆದ್ದೆ ಎಂದು ಎದ್ದು ನಿಂತಳು ಕೂಡ. ಆಗ ಹಿಂದಿನಿಂದ ಅತ್ತೆ ಬಾಯಿ ಬಿಟ್ಟರು.

“ಅಲ್ಲಾ ಕಣೋ, ಗೋಲಿನಲ್ಲಿ ಯಾರೂ ಇರಲಿಲ್ಲವಲ್ಲೋ! ತೆರೆದ ಬಾಗಿಲಿನ ಹಾಗಿತ್ತು. ಅಲ್ಲಿ ಹೊಡೆಯೋದು ಬಿಟ್ಟು ಚೆಂಡನ್ನ ಮೋಡಕ್ಕೆ ಯಾಕೋ ಒದ್ದೆ?”

ಭಾವ ನೆಲ ನೋಡಿದ.

“ಒಂದು ಸಲ ಅಲ್ಲ, ಮೂರು ಸಲ ಒದ್ದ,” ಎಂದರು ಅತ್ತೆ. ಅವರಿಗೆ ಎಲ್ಲಿ ನಿಲ್ಲಿಸಬೇಕು ಎಂಬುದು ಗೊತ್ತಿಲ್ಲ.

ಮುಚ್ಚಳದಕ್ಕ ಟಿವಿ ಆರಿಸಿದಳು. “ನಂಗೆ ಗೆಲುವು ಭಿಕ್ಷೆ ಹಾಕ್ತಿದೀಯಾ?” ಎಂದಳು.

“ಹಾಗಲ್ಲ ಮಾರಾಯ್ತಿ, ಕೈ ತಪ್ಪಿತು.”

“ಕೈ ತಪ್ಪಿದ್ದು ನಂದು. ನಿಂದು ಸರಿಯಾಗೇ ಇದೆ.”

ಆ ದಿನದ ಪಾತ್ರೆಯನ್ನು ಅವಳೇ ತೊಳೆದಳು. ಎಂಟು ಬೆರಳಲ್ಲಿ. ಭಾವ ಕಸಿದುಕೊಳ್ಳಲು ಹೋದರೆ ಸೌಟು ತೋರಿಸಿದಳು. ಆಮೇಲೆ ಐದಾರು ಭಾನುವಾರ ಯಾರೂ ಕಂಟ್ರೋಲರ್ ಮುಟ್ಟಲಿಲ್ಲ. ಮನೆಯಲ್ಲಿ ಮಾತೂ ನಿಂತಿತು. ಗ್ಯಾಸ್ ಮುಗಿದಿದೆ, ನೀರು ಬಂದಿದೆ, ಇಷ್ಟೇ.

ಪರಿಹಾರದ ಮೊದಲ ಕಂತು ಬಂದದ್ದು ಆ ಹೊತ್ತಿಗೆ. ಫ್ರಿಜ್ ತಗೋ ಎಂದು ತಂಗಿ ಫೋನು ಮಾಡಿದಳು. ಬ್ಯಾಂಕಲ್ಲಿಡು ಎಂದು ಸಂಘದ ಖಜಾಂಚಿ ಹೇಳಿದ. ನಾನೂ ಅಂಥದ್ದೇ ಏನೋ ಹೇಳಿದೆ, ಮುಚ್ಚಿಡುವುದೇಕೆ. ಎಲ್ಲರ ಮಾತೂ ಕೇಳಿಕೊಂಡು ಅವಳು ಅಂದದ್ದು ಒಂದೇ: “ಬೆರಳು ನಂದು ಹೋಗಿದ್ದು. ಅದರ ದುಡ್ಡಲ್ಲಿ ನಾನು ಆಟ ಆಡ್ತೀನಿ.”

ಹಳೆಯ ಕನ್ಸೋಲ್ ಹೇಗೂ ಸಾಯುವ ಹಂತದಲ್ಲಿತ್ತು. ಅರ್ಧ ಗಂಟೆಗೆ ಕಾದು ಕೆಂಡವಾಗಿ ಆರಿಹೋಗುತ್ತಿತ್ತು. ಡಿಸ್ಕ್ ಹಾಕಿದರೆ ಒಳಗೆ ಯಾರೋ ಕೆಮ್ಮಿದ ಸದ್ದು. ಹೊಸದು ಬೇಕು. ಯಾವುದು? ಕನ್ಸೋಲೋ ಪಿಸಿಯೋ? ಇದ್ದ ಹಣಕ್ಕೆ ಎರಡರಲ್ಲಿ ಒಂದು ಬರುತ್ತಿತ್ತು, ಎರಡೂ ಅಲ್ಲ.

“ಪಿಸಿ ತಗೋ,” ಎಂದ ಭಾವ. ಅವನ ಪ್ರಕಾರ ಅದು ಒಳ್ಳೆಯ ಮಾತು. ವಿಚಾರಣೆಗೆಂದು ಸಂಘದ ಕಚೇರಿಗೆ ಬಂದು ಕಾಯುವ ದಿನಗಳಲ್ಲಿ ಅವಳು ನಮ್ಮ ಕಂಪ್ಯೂಟರಿನಲ್ಲಿ ಊರು ಕಟ್ಟುವ ಆಟ ಆಡುತ್ತಿದ್ದಳು. ರಸ್ತೆ ಹಾಕು, ನೀರಿನ ಪೈಪು ಎಳೆ, ಮನೆ ಎಬ್ಬಿಸು, ಎಲ್ಲ ಬಲಗೈಯ ಮೌಸಿನಲ್ಲೇ. ಲಾರಿ ಓಡಿಸುವ ಆಟವನ್ನೂ ಹಾಗೇ ಕಲಿತಿದ್ದಳು. ನಮ್ಮ ಕರಪತ್ರದ ಕೆಲಸ ನಿಲ್ಲಿಸಿ ಅವಳ ಊರಿಗೆ ಬಸ್ ಬಿಡುವುದಕ್ಕೆ ಕಾದ ದಿನಗಳುಂಟು. ಭಾವ ಅದನ್ನು ನೋಡಿದ್ದ.

“ಆ ಆಟಕ್ಕೆ ನಿನ್ನ ಬಲಗೈ ಸಾಕು. ಆರಾಮಾಗಿ ಆಡಬಹುದು,” ಎಂದ.

“ಒಬ್ಬಳೇ ಆಡೋ ಆಟ ಅದು.”

“ಒಬ್ಬಳೇ ಆಡಿದ್ರೆ ಏನಾಯ್ತು?”

ಇಷ್ಟು ಸಾಕಾಯಿತು. ಗಂಡ ತನ್ನನ್ನು ಮಂಚದ ಅಂಚಿನಿಂದ ಎಬ್ಬಿಸಿ ಮೂಲೆಯ ಮೇಜಿಗೆ ಕಳಿಸುತ್ತಿದ್ದಾನೆ ಎಂದು ಅವಳಿಗೆ ಅನ್ನಿಸಿತು. ಬೇಕಂತ ಸೋಲುವ ಕಷ್ಟ ತಪ್ಪಿತಲ್ಲ ಅವನಿಗೆ! ಊರು ಕಟ್ಟುವ ಆಟ ಅವಳಿಗೆ ಇಷ್ಟವೇ. ಆದರೆ ಅವಳಿಗೆ ಬೇಕಾಗಿದ್ದದ್ದು ಹಳೆಯ ಭಾನುವಾರ. ಮಗ್ಗುಲಲ್ಲಿ ಗಂಡ, ಸರಿಸಮ ಆಟ, ಸೋತವರಿಗೆ ಪಾತ್ರೆ.

ಅಂಗಡಿಗೆ ಅವಳು, ಭಾವ, ನಾನು ಮೂವರೂ ಹೋದೆವು. ಮಾರುಕಟ್ಟೆಯ ಮಹಡಿಯಲ್ಲಿ ಕಣ್ಣು ಕುಕ್ಕುವ ದೀಪಗಳ ಅಂಗಡಿ. ಗಾಜಿನ ಹಿಂದೆ ಪೆಟ್ಟಿಗೆಗಳು, ಪೆಟ್ಟಿಗೆಗಳ ಮೇಲೆ ಕತ್ತಿ ಹಿಡಿದವರ, ಕಾರು ಓಡಿಸುವವರ ಚಿತ್ರಗಳು. ಅಂಗಡಿಯವನು ಅವಳನ್ನು ನೋಡಿ, “ಯಾರಿಗೆ ಮೇಡಂ, ಮಕ್ಕಳಿಗಾ?” ಎಂದ.

“ನನಗೆ.”

ಅವನ ಕಣ್ಣು ಅವಳ ಎಡಗೈಗೆ ಇಳಿಯಿತು. ಅಲ್ಲಿಂದಾಚೆ ಅವನು ಮಾತಾಡಿದ್ದೆಲ್ಲ ಭಾವನ ಹತ್ತಿರ.

“ಸರ್, ಸಿಂಪಲ್. ಫ್ಯಾಮಿಲಿ ಅಂದ್ರೆ ಕನ್ಸೋಲ್. ಟಿವಿಗೆ ಚುಚ್ಚಿ, ಕೂತು ಆಡಿ. ಫುಟ್‌ಬಾಲು, ಫೈಟಿಂಗು, ಕಾರು, ಎಲ್ಲ ಅದರಲ್ಲೇ ಮಜಾ. ಸೀರಿಯಸ್ ಅಂದ್ರೆ ಪಿಸಿ. ಊರು ಕಟ್ಟೋದು, ಸೈನ್ಯ ನಡೆಸೋದು, ಗುರಿಯಿಟ್ಟು ಗುಂಡು ಹೊಡೆಯೋದು, ಅದಕ್ಕೆಲ್ಲ ಮೌಸೇ ಬೇಕು.”

“ನಾನು ಸೀರಿಯಸ್ಸಾ, ಫ್ಯಾಮಿಲಿಯಾ?” ಎಂದಳು ಮುಚ್ಚಳದಕ್ಕ.

ಅವನು ನಕ್ಕ. ಅವಳು ನಗಲಿಲ್ಲ. “ಒಂದು ಸಲ ಕಂಟ್ರೋಲರ್ ಕೈಗೆ ಕೊಡಿ. ಹಿಡಿಯೋಕೆ ಆಗುತ್ತಾ ನೋಡ್ತೀನಿ.”

“ಬಾಕ್ಸ್ ಬಿಚ್ಚಿದ್ರೆ ಮಾರಿದ ಲೆಕ್ಕ ಮೇಡಂ.”

“ಚಪ್ಪಲಿ ಅಂಗಡೀಲೂ ಕಾಲಿಗೆ ಹಾಕಿ ನೋಡೋಕೆ ಬಿಡ್ತಾರಲ್ರೀ!”

“ಚಪ್ಪಲಿ ರೇಟ್ ಎಷ್ಟು, ಇದರ ರೇಟ್ ಎಷ್ಟು?”

“ಅದಕ್ಕೇ ನೋಡಬೇಕು ಅಂತಿರೋದು!”

ಅವನು ಭಾವನ ಕಡೆ ತಿರುಗಿ ದನಿ ತಗ್ಗಿಸಿದ. ಸೆಟ್ಟಿಂಗ್‌ನಲ್ಲಿ ಬಟನ್ ಅದಲುಬದಲು ಮಾಡಬಹುದು, ಎಡದ ಕೆಲಸ ಬಲಕ್ಕೆ ಕೊಡಬಹುದು ಎಂದ. ಬಲಗೈಗೆ ಆಗಲೇ ಓಟ, ಒದೆತ, ಪಾಸು, ಅಡ್ಡಹಾಕುವುದು ಎಲ್ಲ ಇದೆಯಲ್ಲ ಎಂದು ಅವಳು ಕೇಳಿದಳು. ಇಂಥ ಕೈಗಳಿಗೆಂದೇ ಮಾಡಿದ ಕಂಟ್ರೋಲರ್ ಉಂಟು, ಆದರೆ ತಾನು ಇಡುವುದಿಲ್ಲ, ತರಿಸಬೇಕು, ಎರಡು ತಿಂಗಳು, ಅದಕ್ಕೆ ಜೋಡಿಸುವ ಬಟನ್‌ಗಳು ಬೇರೆ ಖರೀದಿ ಎಂದ. ಬೆಲೆ ಹೇಳಿದ. ಒಟ್ಟು ಸೇರಿಸಿದರೆ ಕನ್ಸೋಲನ್ನೇ ಮೀರಿಸಿ ನಿಂತಿತು. “ಯಾರೂ ಕೇಳಲ್ಲ ಸರ್, ಅದಕ್ಕೇ ಇಡಲ್ಲ,” ಎಂದ.

“ನಾನು ಕೇಳ್ತಿದೀನಲ್ಲ,” ಎಂದಳು ಅವಳು. ಅವನಿಗೆ ಕೇಳಿಸಲಿಲ್ಲ. ಬರಿಗೈಯಲ್ಲಿ ಇಳಿದು ಬಂದೆವು.

ಇನ್ನು ಮುಂದಿನದು ಪ್ರೆಸ್ಸಿನವರು ಮಾತ್ರ ಮಾಡುವ ಕೆಲಸ. ಮರುವಾರ ಭಾನುವಾರ, ಭಾವ ಯಾವುದೋ ಟೈಲರ್ ಅಂಗಡಿಗೆ ಮಿಷಿನ್ ನೋಡಲು ಹೋಗಿದ್ದಾಗ, ಅವಳು ಹಳೆಯ ಕಂಟ್ರೋಲರ್ ತೆಗೆದು ಅದರ ಎಡ ಅಂಚಿನ ಕೆಳಬಟನ್ನಿಗೆ ಸೈಕಲ್ ಟ್ಯೂಬಿನ ಚೂರು ಬಿಗಿದು ಕಟ್ಟಿದಳು. ಒತ್ತಲು ಆಗದ ಬಟನ್ನನ್ನು ಒತ್ತಿಯೇ ಇಟ್ಟರಾಯಿತಲ್ಲ! ಹದಿನೇಳು ವರ್ಷ ಅವಳ ಕೈ ಕಲಿತದ್ದು ಅದನ್ನೇ.

ಆಟ ಶುರುವಾಯಿತು. ಆ ಬಟನ್ ಒತ್ತಿ ಹಿಡಿದರೆ ಆಟಗಾರ ಎದುರಾಳಿಯ ಮುಂದೆ ಅಡ್ಡಡ್ಡ ಹೆಜ್ಜೆ ಹಾಕುತ್ತಾನೆ. ಚೆಂಡು ಕಾಲಲ್ಲಿದ್ದರೆ ಬೆನ್ನು ಕೊಟ್ಟು ಅದನ್ನು ಕಾಯುತ್ತಾನೆ. ಈಗ ಅದು ಸದಾ ಒತ್ತಿಯೇ ಇತ್ತು. ಅವಳು ಯಾರನ್ನು ಓಡಿಸಲು ಹೋದರೂ ಅವನು ಏಡಿಯ ಹಾಗೆ ಅಡ್ಡ ನಡೆದ. ಚೆಂಡು ಸಿಕ್ಕಿದವನು ಗೋಲಿಗೆ ಬೆನ್ನು ಮಾಡಿ ನಿಂತುಬಿಟ್ಟ.

“ಇವರಿಗೇನು ಸೊಂಟ ಹಿಡಿದಿದೆಯೇನೇ?” ಎಂದರು ಅತ್ತೆ.

ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದಾಗ ಭಾವ ಒಳಗೆ ಬಂದ. ಅವನಿಗೂ ಬಾಯ್ತುಂಬ ನಗು ಬಂತು. ಆಮೇಲೆ ಅವನ ಕಣ್ಣು ಟ್ಯೂಬಿನ ಮೇಲೆ ಬಿತ್ತು. ಚೀಲದಿಂದ ಕತ್ತರಿ ತೆಗೆದು, ಅವಳ ಕೈಯಿಂದ ಕಂಟ್ರೋಲರ್ ಕಿತ್ತುಕೊಂಡು, ಟ್ಯೂಬನ್ನು ಕತ್ತರಿಸಿ ಕಿಟಕಿಯಿಂದ ಆಚೆ ಎಸೆದ.

“ಈ ಮನೇಲಿ ಇದನ್ನ ಕಟ್ಟಬೇಡ.”

“ಇದು ಆಟದ ಸಾಮಾನು. ಇದರಲ್ಲಿ ಬೆರಳು ಹೋಗಲ್ಲ.”

“ಕಟ್ಟಬೇಡ ಅಂದೆ.”

ಕಂಟ್ರೋಲರನ್ನು ಅವಳಿಗೆ ವಾಪಸು ಕೊಡದೆ ತನ್ನ ಕೆಲಸದ ಮೇಜಿಗೆ ಒಯ್ದ. ಅಲ್ಲೇ ಸ್ಕ್ರೂ ಬಿಚ್ಚಿದ. ಹೆಂಡತಿ ಬೈಯುತ್ತಲೇ ಇದ್ದಳು, ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಬಟನ್ನಿನ ಕೆಳಗೆ ಎರಡು ಪುಟ್ಟ ತಾಮ್ರದ ಚುಕ್ಕೆಗಳು. ಬಟನ್ ಒತ್ತಿದರೆ ಅವೆರಡೂ ಕೂಡುತ್ತವೆ, ಅಷ್ಟೇ ಅದರ ಒಳಗುಟ್ಟು. ಅವನು ಚುಕ್ಕೆಗಳಿಗೆ ತೆಳು ವೈರು ಬೆಸೆದು ಹೊರಗೆ ಎಳೆದ. ಕೆಟ್ಟ ಹೊಲಿಗೆ ಮಿಷಿನ್‌ಗಳ ಎರಡು ಕಾಲ್ಪೆಡಲ್ ಮೂಲೆಯಲ್ಲಿ ಬಿದ್ದಿದ್ದವು. ಒಳಗಿನ ಸುರುಳಿ ಕಿತ್ತು, ‘ಟಕ್’ ಎನ್ನುವ ಸಾದಾ ಸ್ವಿಚ್ ಕೂರಿಸಿ, ವೈರುಗಳನ್ನು ಅವಕ್ಕೆ ಕೊಟ್ಟ. ಎಡಗಾಲು ಒತ್ತಿದರೆ ಆಟಗಾರ ಬದಲು, ಬಲಗಾಲು ಒತ್ತಿದರೆ ಏಡಿ ನಡಿಗೆ. ಮೂರು ಸಂಜೆಯ ಕೆಲಸ.

ಅವಳು ಪೆಡಲ್ ಒತ್ತಿದಳು. ಪರದೆಯ ಮೇಲೆ ಬಾಣದ ಗುರುತು ಒಬ್ಬನ ತಲೆಯಿಂದ ಇನ್ನೊಬ್ಬನ ತಲೆಗೆ ಹಾರಿತು. ಮತ್ತೆ ಒತ್ತಿದಳು. ಮತ್ತೆ ಹಾರಿತು. ಹತ್ತಿಪ್ಪತ್ತು ಸಲ ಸುಮ್ಮನೆ ಅದನ್ನೇ ಮಾಡುತ್ತಾ ಕೂತಳು. ಆಮೇಲೆ, “ಮೂರು ತಿಂಗಳ ಹಿಂದೆ ಇದು ಹೊಳೀಲಿಲ್ಲವಾ ನಿನಗೆ?” ಎಂದು ಗಂಡನಿಗೆ ಬೈದಳು. ಹೊಗಳುವುದು ಅವಳ ಬಾಯಿಗೆ ಬರುವುದಿಲ್ಲ.

ಪೆಡಲ್ ಪಳಗಲು ಮೂರು ವಾರ ಹಿಡಿಯಿತು. ಪಳಗಿತು ಎನ್ನುವಷ್ಟರಲ್ಲಿ ಹಳೆಯ ಕನ್ಸೋಲ್ ಕೊನೆಯ ಕೆಮ್ಮು ಕೆಮ್ಮಿ ಸತ್ತಿತು.

ಮತ್ತೆ ಅಂಗಡಿ. ಈ ಸಲ ಅವಳು ಪೆಡಲ್ ಸಮೇತ ಕಂಟ್ರೋಲರನ್ನು ಚೀಲದಲ್ಲಿ ಹೊತ್ತು ತಂದಿದ್ದಳು. ಗಾಜಿನ ಮೇಜಿನ ಮೇಲೆ ದಬಕ್ಕನೆ ಇಟ್ಟಳು. ಅಂಗಡಿಯವನು ಸತ್ತ ಇಲಿ ನೋಡಿದ ಹಾಗೆ ನೋಡಿದ.

“ಇದು ಹೊಸ ಕನ್ಸೋಲಿಗೆ ಆಗುತ್ತಾ?”

“ಇಲ್ಲ ಮೇಡಂ. ಹಳೇದು ಹೊಸ ಆಟಕ್ಕೆ ನಡೆಯಲ್ಲ. ಹೊಸ ಕನ್ಸೋಲಿಗೆ ಅದರದೇ ಕಂಟ್ರೋಲರ್.”

“ಅದನ್ನ ಬಿಚ್ಚಿ ಹೀಗೇ ವೈರು ಹಾಕಿದ್ರೆ?” ಎಂದ ಭಾವ.

“ಬಿಚ್ಚಿದ್ರೆ ಗ್ಯಾರಂಟಿ ಹೋಯ್ತು. ಒಳಗಿನ ಸಾಮಾನೂ ಹೀಗಿರಲ್ಲ. ಸುಟ್ಟರೆ ನನ್ನ ಕೇಳಬೇಡಿ.”

“ಪಿಸಿಗೆ?”

“ಪಿಸಿಗೆ ಏನು ಬೇಕಾದ್ರೂ ಚುಚ್ಚಿ. ಹಳೇ ಕಂಟ್ರೋಲರ್, ಹೊಸ ಕಂಟ್ರೋಲರ್, ಎರಡೆರಡು ಒಟ್ಟಿಗೆ. ಫುಟ್‌ಬಾಲೂ ಅದರಲ್ಲಿ ಬರುತ್ತೆ. ಟಿವಿಗೇ ಹಾಕ್ಕೊಂಡು ಇಬ್ಬರೂ ಆಡಬಹುದು.”

ಮುಚ್ಚಳದಕ್ಕ ಅವನನ್ನೇ ನೋಡಿದಳು. “ಹೋದ ಸಲ ಬಂದಾಗ ಇದನ್ನ ಹೇಳೋಕೆ ಏನಾಗಿತ್ತು ನಿಮಗೆ?”

“ನೀವು ಕೇಳಲಿಲ್ಲ.”

ಅವಳು ಆ ಅಂಗಡಿಯಲ್ಲಿ ಒಂದು ಕಾಸೂ ಖರ್ಚು ಮಾಡಲಿಲ್ಲ. ಮುಚ್ಚಿಹೋಗುತ್ತಿದ್ದ ಒಂದು ಫೋಟೋ ಸ್ಟುಡಿಯೋದಲ್ಲಿ, ಚಿತ್ರ ತಿದ್ದಲು ಬಳಸುತ್ತಿದ್ದ ದಪ್ಪ ಕಂಪ್ಯೂಟರು ಮಾರಾಟಕ್ಕಿತ್ತು. ಆಟಕ್ಕೆ ಬೇಕಾದ ಗ್ರಾಫಿಕ್ಸ್ ಕಾರ್ಡೂ ಅದರಲ್ಲಿತ್ತು. ಮೊದಲ ಕಂತಿನ ಮುಕ್ಕಾಲು ಭಾಗ ಅದಕ್ಕೆ ಹೋಯಿತು.

ಕನ್ಸೋಲಿನ ಸುಖ ಕನ್ಸೋಲಿಗೇ ಎಂದು ಆ ಮೊದಲ ದಿನ ಎಲ್ಲರಿಗೂ ಅರ್ಥವಾಯಿತು. ಅದರಲ್ಲಿ ಡಿಸ್ಕ್ ಹಾಕಿದರೆ ಆಟ. ಇದರಲ್ಲಿ ಮೊದಲು ಖಾತೆ ತೆರೆಯಬೇಕು, ಪಾಸ್‌ವರ್ಡ್ ಬೇಕು, ಪಾಸ್‌ವರ್ಡಿನಲ್ಲಿ ಒಂದು ಅಂಕಿ ಬೇಕು, ಫೋನಿಗೆ ಬಂದ ಸಂಖ್ಯೆ ಹಾಕಬೇಕು, ಆಟ ಇಳಿಯಬೇಕು, ಇಳಿದದ್ದು ಮತ್ತೆ ಅಪ್‌ಡೇಟ್ ಆಗಬೇಕು. ಮೂರು ಗಂಟೆಗೆ ಕೂತವರು ಆರಾದರೂ ನೀಲಿ ಗೆರೆ ತೆವಳುವುದನ್ನೇ ನೋಡುತ್ತಿದ್ದರು. “ಇದು ಆಟದ ಮಿಷಿನ್ನೋ ಸರ್ಕಾರಿ ಆಫೀಸೋ?” ಎಂದರು ಅತ್ತೆ. ಇನ್ನೊಂದು ಅರ್ಜಿ ಕೇಳಿದರೆ ಎದ್ದು ಹೋಗುತ್ತೇನೆ ಎಂದರು. ಅದು ಕೇಳಿತು. ಅವರು ಹೋಗಲಿಲ್ಲ.

ಕೊನೆಗೂ ಆಟ ಹತ್ತಿತು. ಹಳೆಯ ಕಂಟ್ರೋಲರ್ ಎರಡೂ ಹಿಡಿದವು, ಪೆಡಲ್ ಎರಡೂ ‘ಟಕ್’ ಎಂದವು. ಮೊದಲ ಪಂದ್ಯ ಭಾವ ನಾಲ್ಕು ಸೊನ್ನೆಯಿಂದ ಗೆದ್ದ. ಮುಚ್ಚಳದಕ್ಕ ಹಲ್ಲು ಕಡಿದಳು, ಆದರೆ ಒಳಗೊಳಗೇ ಹಿಗ್ಗಿದ್ದಳು ಎಂದು ಅತ್ತೆ ಆಮೇಲೆ ನನಗೆ ಹೇಳಿದರು. ನಿಜವಾದ ಸೋಲು ಸಿಕ್ಕಿ ಎಷ್ಟು ದಿನವಾಗಿತ್ತು! ಎರಡನೇ ಪಂದ್ಯವೂ ಸೋತಳು. ಮೂರನೆಯದರಲ್ಲಿ ಕೊನೆಯ ಹತ್ತು ನಿಮಿಷ ಉಳಿದಿತ್ತು, ಅವಳು ಒಂದು ಗೋಲಿನಿಂದ ಹಿಂದಿದ್ದಳು, ಬೆವರಿದ್ದಳು, ಕಂಟ್ರೋಲರ್ ಎಡಗೈಯಿಂದ ಜಾರುತ್ತಿತ್ತು. ಆಗ ಭಾವನ ಆಟಗಾರನಿಗೆ ಖಾಲಿ ಗೋಲಿನ ಮುಂದೆ ಚೆಂಡು ಸಿಕ್ಕಿತು.

ಚೆಂಡು ಕಂಬದ ಮೇಲಿಂದ ಹಾರಿ ಪ್ರೇಕ್ಷಕರ ನಡುವೆ ಬಿತ್ತು. ಮರುನಿಮಿಷ ಅವನ ರಕ್ಷಣೆಯವನು ದಾರಿ ಬಿಟ್ಟುಕೊಟ್ಟ. ಅವಳ ಗೋಲು ಸೇರಿತು. ಇನ್ನೊಂದೂ ಸೇರಿತು.

ಅವಳು ಆಟ ನಿಲ್ಲಿಸಿದಳು. ಕೂಗಲಿಲ್ಲ. “ಮತ್ತೆ ಶುರು ಮಾಡಿದೆಯಲ್ಲ,” ಎಂದಳು.

“ನಿಜ ಹೇಳ್ಲಾ?” ಎಂದ ಭಾವ. “ನೀನು ಹಾಗೆ ಒದ್ದಾಡ್ತಾ ಆ ಪೆಡಲ್ ಟಕ್ ಅನ್ನಿಸಿದಾಗ, ಯಾಕೆ ಕಾಲಲ್ಲಿ ಒತ್ತಬೇಕಾಯ್ತು ಅಂತ ನೆನಪಾಗುತ್ತೆ. ಹೆಬ್ಬೆರಳು ತಾನಾಗಿ ತಪ್ಪುತ್ತೆ.”

“ತಾನಾಗಿ ತಪ್ಪೋ ಹೆಬ್ಬೆರಳು ನಾನು ಹಿಂದೆ ಬಿದ್ದಾಗ ಮಾತ್ರ ಯಾಕೆ ತಪ್ಪುತ್ತೆ?”

ಭಾವನ ಕಣ್ಣು ಮತ್ತೆ ಅವಳ ಎಡಗೈಗೆ ಹೋಯಿತು.

“ನನ್ನ ಕೈ ನೋಡಬೇಡ. ಟಿವಿ ನೋಡು.”

“ನೋಡ್ತೀನಿ. ಆದ್ರೆ ಆಗಲ್ಲ ಕಣೇ,” ಎಂದ. ಅವನ ದನಿ ಒಡೆದದ್ದನ್ನು ಕೇಳಿ ಅವಳಿಗೆ ಇನ್ನಷ್ಟು ಸಿಟ್ಟು ಬಂತು. ಅಳಬೇಕಾದವಳು ನಾನು, ನೀನು ಯಾಕೆ ಅಳ್ತೀಯ ಎಂದು ಗದರಿದಳು. ಆ ದಿನದ ಪಾತ್ರೆ ಅತ್ತೆ ತೊಳೆದರು.

ಅಲ್ಲಿಂದ ಇಂದಿನವರೆಗೆ ಅದೇ ಕತೆ. ಅವನು ಪ್ರಯತ್ನ ಪಡುತ್ತಾನೆ, ಅದರಲ್ಲಿ ಅನುಮಾನವಿಲ್ಲ. ಎರಡು ಪಂದ್ಯ ನೆಟ್ಟಗೆ ಆಡುತ್ತಾನೆ. ಮೂರನೆಯದರಲ್ಲಿ ಅವಳ ಹಣೆಯ ಬೆವರು ಕಂಡರೆ ಸಾಕು, ಚೆಂಡು ಮೋಡಕ್ಕೆ. ವೈರು ಬೆಸೆಯಲು ಬಂದವನಿಗೆ ಇದನ್ನು ಸರಿಮಾಡಲು ಬರುತ್ತಿಲ್ಲ.

ಇಂಟರ್ನೆಟ್ಟಿನಲ್ಲಿ ಅಪರಿಚಿತರ ಜೊತೆಗೂ ಆಡಿ ನೋಡಿದಳು. ಅವರಿಗೆ ಅವಳ ಕೈ ಕಾಣುವುದಿಲ್ಲ, ಕರುಣೆಯ ಪ್ರಶ್ನೆಯೇ ಇಲ್ಲ. ಒಬ್ಬ ಏಳು ಸೊನ್ನೆಯಿಂದ ಸೋಲಿಸಿ ಕೆಟ್ಟದಾಗಿ ಬೈದು ಹೋದ. ಅವಳು ಎರಡು ದಿನ ಖುಷಿಯಾಗಿದ್ದಳು. ಆದರೆ ಅವಳು ಗೆಲ್ಲುವ ಹಂತಕ್ಕೆ ಬಂದರೆ ಆ ಕಡೆಯವರು ಅರ್ಧದಲ್ಲೇ ಕಡಿದುಕೊಂಡು ಓಡುತ್ತಾರೆ. ಗೆಲುವು ಲೆಕ್ಕಕ್ಕೆ ಬರುತ್ತದೆ, ಬೈಸಿಕೊಳ್ಳಲು ಯಾರೂ ಉಳಿಯುವುದಿಲ್ಲ. “ಮುಖ ಕಾಣದವನನ್ನ ಸೋಲಿಸಿ ಏನು ಮಾಡಲಿ? ಪಾತ್ರೆ ತೊಳಿ ಅಂತ ಯಾರಿಗೆ ಹೇಳಲಿ?” ಎನ್ನುತ್ತಾಳೆ.

ಸಂಘದವರನ್ನು ಕರೆದಳು. ಇಪ್ಪತ್ತಮೂರು ದಿನ ಗೇಟಿನ ಮುಂದೆ ಜೊತೆಗೆ ಕೂತವರು, ಲಾಠಿಗೆ ಬೆನ್ನು ಕೊಟ್ಟವರು. ಒಬ್ಬೊಬ್ಬರಾಗಿ ಬಂದು ಮಂಚದ ಅಂಚಿಗೆ ಕೂತು, ಒಬ್ಬೊಬ್ಬರಾಗಿ ಸೋತರು. ಖಜಾಂಚಿಯಂತೂ ಆಡುವಾಗಲೇ “ಅಬ್ಬಾ, ಅಕ್ಕನ ಆಟವೇ ಆಟ!” ಎಂದು ಚಪ್ಪಾಳೆ ತಟ್ಟಿದ. ಅವಳು ಅವನನ್ನು ಚಹಾ ಕೊಡದೆ ಕಳಿಸಿದಳು. ನಾನೂ ಆಡಿದೆ. ನನಗೆ ಯಾವ ಬಟನ್ ಎಲ್ಲಿದೆ ಎಂದೂ ಗೊತ್ತಿಲ್ಲ, ಐದು ಸೊನ್ನೆಯಿಂದ ನಿಜವಾಗಿಯೇ ಸೋತೆ. ಅವಳು ನಂಬಲಿಲ್ಲ. “ನೀವೂ ಅವರ ಹಾಗೇನಾ?” ಎಂದಳು. ಆಣೆ ಮಾಡಿ ಹೇಳಿದರೂ ನಂಬಲಿಲ್ಲ. ಪ್ರಾಮಾಣಿಕವಾಗಿ ಗೆದ್ದದ್ದನ್ನೂ ಅನುಮಾನಿಸುವ ಸ್ಥಿತಿಗೆ ನಾವೆಲ್ಲ ಸೇರಿ ಅವಳನ್ನು ತಂದು ನಿಲ್ಲಿಸಿದ್ದೇವೆ. ಮಾಲೀಕ ಎರಡು ಬೆರಳು ತೆಗೆದ. ನಾವು ಅವಳ ಗೆಲುವನ್ನೂ ತೆಗೆದೆವು, ಅದೂ ನಗುನಗುತ್ತಾ, ಬೆನ್ನು ತಟ್ಟಿ.

ಈಗ ಮನೆಯಲ್ಲಿ ಎಲ್ಲವೂ ಇದೆ. ದಪ್ಪ ಕಂಪ್ಯೂಟರಿದೆ, ಪೆಡಲ್ ಇವೆ, ಟಿವಿ ಇದೆ, ಮೂರು ಗಂಟೆಗೆ ಅತ್ತೆ ಕೂರುವ ಕುರ್ಚಿಯಿದೆ. ಸಿಟ್ಟು ತಣಿಯದ ದಿನ ಅವಳು ಮೂಲೆಗೆ ಹೋಗಿ ಮೌಸ್ ಹಿಡಿದು ಊರು ಕಟ್ಟುತ್ತಾಳೆ. ಹೋದ ವಾರ ನಾನು ಹೋದಾಗ ಆ ಊರಿಗೆ ಎರಡು ಲಕ್ಷ ಜನಸಂಖ್ಯೆಯಾಗಿತ್ತು. ಅಷ್ಟು ಜನರಲ್ಲಿ ಒಬ್ಬನೂ ಎದುರಿಗೆ ಕೂತು ಆಡುವವನಲ್ಲ ಎಂದು ಅವಳೇ ಗೊಣಗಿದಳು.

ಹಾಗಾಗಿ ಇದನ್ನು ಓದುತ್ತಿರುವ ನಿಮಗೇ ಹೇಳುತ್ತಿದ್ದೇನೆ. ಅಯ್ಯೋ ಪಾಪ ಎಂದು ಓದಿ ಮಡಚಿಡಬೇಡಿ. ಕಂಟ್ರೋಲರ್ ಹಿಡಿಯಲು ಬರುವವರು ನಿಮ್ಮಲ್ಲಿ ಸಾಕಷ್ಟು ಜನರಿದ್ದೀರಿ, ಕನ್ಸೋಲಿನವರೋ ಪಿಸಿಯವರೋ ನನಗೆ ಬೇಕಾಗಿಲ್ಲ. ಭಾನುವಾರ ಮೂರು ಗಂಟೆಗೆ ಬನ್ನಿ, ಸಂಘದ ಕಚೇರಿಯಲ್ಲಿ ಕೇಳಿದರೆ ಮನೆ ತೋರಿಸುತ್ತಾರೆ. ಬಂದು ಅವಳ ಪಕ್ಕ ಕೂತು ಗೆಲ್ಲುವುದಕ್ಕೆಂದೇ ಆಡಿ. ಅವಳ ಹಣೆ ಬೆವರಿದರೆ ಬೆವರಲಿ, ಕಂಟ್ರೋಲರ್ ಜಾರಿದರೆ ಜಾರಲಿ, ಖಾಲಿ ಗೋಲು ಕಂಡ ಕೂಡಲೇ ಚೆಂಡನ್ನು ಒಳಗೆ ಹೊಡೆಯಿರಿ. ಸೋತರೆ ಪಾತ್ರೆ ತೊಳೆದು ಹೋಗಿ. ಇಷ್ಟು ನಿಮ್ಮಿಂದ ಆಗುತ್ತದೋ ಇಲ್ಲವೋ? ಆಗುವುದಿದ್ದರೆ ಯಾವ ಭಾನುವಾರ ಬರುತ್ತೀರಿ, ಹೇಳಿ.